ಬಿಳಿಯರು ಅಷ್ಟೊಂದು ದಡ್ಡರಾಗಿದ್ದರಾ?

(ಹಾಸನದಲ್ಲಿ ಗೆಳೆಯರೆಲ್ಲ ಸೇರಿ ನಡೆಸುವ ಭಾನುವಾರದ ಮಾತುಕತೆಯಲ್ಲಿ ನಾನು ಆಡಿದ ಮಾತು ಇದು. ಬರೆದು ಕೊಡಿ ಎಂದು ಹಲವರು ಕೇಳಿದರು. ಅವತ್ತು ಹೊತ್ತಾಯಿತು ಎಂದು ಬಿಟ್ಟಿದ್ದ ಒಂದೆರಡು ವಿಷಯವನ್ನೂ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ. ಆಲೂರು, ಬೇಲೂರು, ಸಕಲೇಶಪುರದಿಂದ ಬಸ್ ಹಿಡಿದು ಬಂದವರೂ ಇದ್ದೀರಿ. ಸಂಜೆ ಬಸ್ ತಪ್ಪದ ಹಾಗೆ ಮುಗಿಸುತ್ತೇನೆ.

ನಮ್ಮ ತಾತನಿಂದ ಶುರು ಮಾಡುತ್ತೇನೆ. ಅವರು ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದವರು. ಆಗ ತೋಟ ಬಿಳಿ ದೊರೆಯದು. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಒಂದು ಭಾನುವಾರ ಸಂಜೆ ಟಿ.ವಿ.ಯಲ್ಲಿ ಹಳೇ ಸಿನಿಮಾ ಬರುತ್ತಿತ್ತು, ಬ್ರಿಟಿಷರ ವಿರುದ್ಧದ ಹೋರಾಟದ ಕಥೆ. ಅದರಲ್ಲೊಬ್ಬ ಬಿಳಿ ಅಧಿಕಾರಿ. ಕೆಂಪು ಕೋಟು, ಮುಖಕ್ಕೆ ಪೌಡರು, ಮುರುಕು ಕನ್ನಡ, ಮಾತಿಗೆ ಮುಂಚೆ ಕಿರುಚಾಟ, ಕೊನೆಗೆ ಕುದುರೆಯಿಂದ ಬೀಳುವುದು. ಮನೆಮಂದಿಯೆಲ್ಲ ನಕ್ಕೆವು. ತಾತ ಮಾತ್ರ ನಗಲಿಲ್ಲ. ಸಿನಿಮಾ ಮುಗಿದ ಮೇಲೆ ಕೇಳಿದರು: "ಅಲ್ಲ ಮಗಾ, ಇವರು ಇಷ್ಟು ಪೆದ್ದರಾಗಿದ್ದಿದ್ದರೆ ನಾವು ಅಷ್ಟು ವರ್ಷ ಯಾಕೆ ಅವರ ಕೈ ಕೆಳಗೆ ಇರಬೇಕಿತ್ತು?"

ಆಮೇಲೆ ಅವರ ದೊರೆಯ ಬಗ್ಗೆ ಹೇಳಿದರು. ಆತನಿಗೆ ಕೂಲಿ ಲೈನಿನಲ್ಲಿದ್ದ ಒಬ್ಬೊಬ್ಬ ಆಳಿನ ಹೆಸರೂ ಗೊತ್ತಿತ್ತಂತೆ. ಲೆಕ್ಕ ಕೇಳುತ್ತಿದ್ದದ್ದು ಕನ್ನಡದಲ್ಲೇ. ಸಂಬಳ ಹಿಡಿಯುವಾಗಲೂ ದನಿ ಏರಿಸುತ್ತಿರಲಿಲ್ಲ. "ಕಿರುಚಿದ್ದಿದ್ದರೆ ನಾವೂ ತಿರುಗಿ ಕಿರುಚ್ತಿದ್ವೇನೋ" ಎಂದರು ತಾತ. ಆ ಮಾತು ನನ್ನ ತಲೆಯಲ್ಲಿ ಹಾಗೇ ಉಳಿದುಬಿಟ್ಟಿದೆ. ಚರಿತ್ರೆಯ ಸಿನಿಮಾ ಯಾವುದೇ ಬರಲಿ, ಅದರ ವಿಮರ್ಶೆ ಯಾರೇ ಬರೆಯಲಿ, ಮೊದಲು ನೆನಪಾಗುವುದು ತಾತನ ಪ್ರಶ್ನೆಯೇ.

ನಮ್ಮಲ್ಲಿ ಇಂಥ ಸಿನಿಮಾ ಬಂದಾಗ ಏನು ಬರೆಯುತ್ತಾರೆ ನೋಡಿ. ಒಂದು ಕಡೆ, ಮೈ ಜುಂ ಅನ್ನಿಸಿತು, ಡೈಲಾಗ್‌ಗೆ ಥಿಯೇಟರೆಲ್ಲ ಶಿಳ್ಳೆ, ಸೆಟ್ ಅದ್ದೂರಿ, ಯುದ್ಧದ ಸೀನಿಗೆ ಇಷ್ಟು ಕೋಟಿ. ಇನ್ನೊಂದು ಕಡೆ, ಇಸವಿ ತಪ್ಪು, ಪೇಟ ತಪ್ಪು, ಆ ಕಾಲದಲ್ಲಿ ಆ ಥರದ ಬಂದೂಕೇ ಇರಲಿಲ್ಲ, ಇತಿಹಾಸಕ್ಕೆ ಅಪಚಾರ. ಎರಡೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಈ ಎರಡರ ನಡುವೆ ಒಂದು ದೊಡ್ಡ ಪ್ರಶ್ನೆ ಯಾರೂ ಕೇಳದೆ ಬಿದ್ದಿದೆ. ಎದುರಾಳಿಯನ್ನು ಈ ಸಿನಿಮಾ ಹೇಗೆ ನೋಡಿದೆ? ಅವನಿಗೆ ತಲೆ ಇದೆಯಾ? ಅವನ ಕಡೆಯವರು ಸತ್ತಾಗ ಕ್ಯಾಮೆರಾ ಏನು ಮಾಡುತ್ತದೆ? ನನ್ನ ಪ್ರಕಾರ ದಂಗೆಯ ಸಿನಿಮಾ ಒಂದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಇದನ್ನು ಹೇಳಲಿಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

ಅದಕ್ಕೆ ಒಂದೇ ಒಂದು ಸಿನಿಮಾ ಹಿಡಿದು ಮಾತಾಡುತ್ತೇನೆ. 'ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್'. 1966ರದ್ದು, ಕಪ್ಪು ಬಿಳುಪು, ಎರಡು ಗಂಟೆ. ಇಟಲಿಯ ಜಿಲ್ಲೊ ಪೊಂಟೆಕೊರ್ವೊ ನಿರ್ದೇಶಕ, ಫ್ರಾಂಕೊ ಸೊಲಿನಾಸ್ ಚಿತ್ರಕಥೆ. ಹಾಸನಕ್ಕೂ ಅಲ್ಜೀರಿಯಾಕ್ಕೂ ಏನು ಸಂಬಂಧ ಅನ್ನಿಸಬಹುದು. ಒಂದು ಇಸವಿ ಹೇಳುತ್ತೇನೆ, 1830. ಆ ವರ್ಷ ಜುಲೈನಲ್ಲಿ ಫ್ರೆಂಚ್ ಸೇನೆ ಉತ್ತರ ಆಫ್ರಿಕಾದ ಅಲ್ಜೀರಿಯಾದ ರಾಜಧಾನಿ ಅಲ್ಜಿಯರ್ಸ್ ಹಿಡಿಯಿತು. ಅದೇ ವರ್ಷ ಇಲ್ಲಿ ಶಿವಮೊಗ್ಗದ ಕಡೆಯ ನಗರ ಎಂಬ ಸೀಮೆಯ ರೈತರು ಕಂದಾಯದ ಕಾಟ ತಾಳಲಾರದೆ ಕೂಟ ಕಟ್ಟಿದರು. ನಮ್ಮ ಪಕ್ಕದ ತರೀಕೆರೆಯ ಪಾಳೇಗಾರ ಸರ್ಜಾ ಹನುಮಪ್ಪ ನಾಯಕ ದಂಗೆ ಎದ್ದ. ಅದನ್ನೇ ನೆಪ ಮಾಡಿಕೊಂಡು ಇಂಗ್ಲಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ತಾವೇ ಕೈಗೆ ತೆಗೆದುಕೊಂಡರು, ಬಿಟ್ಟುಕೊಟ್ಟದ್ದು 1881ಕ್ಕೆ. ಅಲ್ಲಿ ಫ್ರೆಂಚರು ಬಿಟ್ಟು ಹೋದದ್ದು 1962ಕ್ಕೆ. ನೂರಾ ಮೂವತ್ತೆರಡು ವರ್ಷ.

ಸ್ವಾತಂತ್ರ್ಯಕ್ಕಾಗಿ ಎಫ್‌ಎಲ್‌ಎನ್ ಎಂಬ ಸಂಘಟನೆ 1954ರ ನವೆಂಬರ್ 1ರಂದು ಯುದ್ಧ ಶುರು ಮಾಡಿತು. ಸಿನಿಮಾ ಹೇಳುವುದು ಅದರ ಒಂದು ತುಂಡು ಮಾತ್ರ, ಹೆಚ್ಚಾಗಿ 1956 ಮತ್ತು 57ರಲ್ಲಿ ಅಲ್ಜಿಯರ್ಸ್ ನಗರದೊಳಗೆ, ಕಸ್ಬಾ ಎಂಬ ಹಳೇ ಬಡಾವಣೆಯ ಸಂದಿಗೊಂದಿಗಳಲ್ಲಿ ನಡೆದದ್ದು. ಸಂಘಟನೆಯವರು ಫ್ರೆಂಚ್ ಪೊಲೀಸರನ್ನು ಬೀದಿಯಲ್ಲಿ ಕೊಲ್ಲುತ್ತಾರೆ. ಅದಕ್ಕೆ ಸೇಡಿಗೆ ಫ್ರೆಂಚರು ಕಸ್ಬಾದ ಒಂದು ಬೀದಿಯಲ್ಲಿ ರಾತ್ರಿ ಬಾಂಬ್ ಇಡುತ್ತಾರೆ, ಮನೆಗಳೇ ಕುಸಿದು ಮಕ್ಕಳು ಮುದುಕರು ಸಾಯುತ್ತಾರೆ. ಅದಕ್ಕೆ ಸೇಡಿಗೆ ಮೂವರು ಹೆಂಗಸರು ಯುರೋಪಿನವರ ಥರ ವೇಷ ಹಾಕಿ, ಬುಟ್ಟಿಯಲ್ಲಿ ಬಾಂಬ್ ಇಟ್ಟುಕೊಂಡು ಫ್ರೆಂಚರ ಬಡಾವಣೆಗೆ ಹೋಗುತ್ತಾರೆ. ಆಮೇಲೆ ಪ್ಯಾರಾಟ್ರೂಪರ್‌ಗಳು ಬರುತ್ತಾರೆ. ಹಿಡಿದವರಿಗೆ ಚಿತ್ರಹಿಂಸೆ ಕೊಟ್ಟು ಒಬ್ಬರಿಂದ ಇನ್ನೊಬ್ಬರ ಹೆಸರು ಬಿಡಿಸಿ, ಸಂಘಟನೆಯ ಕೊನೆಯ ನಾಯಕ ಅಲಿ ಲಾ ಪ್ವಾಂತ್ ಅಡಗಿದ್ದ ಗೋಡೆಯವರೆಗೂ ತಲುಪುತ್ತಾರೆ. 1957ರ ಅಕ್ಟೋಬರ್ 8ರಂದು ಆ ಮನೆಯನ್ನೇ ಸ್ಫೋಟಿಸಿದರು. ಒಳಗೆ ಅಲಿ ಜೊತೆ ಒಬ್ಬ ಪುಟ್ಟ ಹುಡುಗನೂ ಇದ್ದ.

ಸಿನಿಮಾ ಶುರುವಾಗುವುದೇ ಒಂದು ಕಾಫಿಯಿಂದ. ಒಬ್ಬ ಬಡಕಲು ಮನುಷ್ಯ ನಡುಗುತ್ತಾ ಕೂತಿದ್ದಾನೆ. ಈಗಷ್ಟೇ ಹೊಡೆತ ತಿಂದು, ಅಲಿ ಎಲ್ಲಿದ್ದಾನೆಂದು ಬಾಯಿಬಿಟ್ಟಿದ್ದಾನೆ. ಸಿಪಾಯಿಗಳು ಅವನಿಗೆ ಕಾಫಿ ಕೊಟ್ಟು ಸಮಾಧಾನ ಮಾಡುತ್ತಾರೆ. ಕಾಫಿ ಕೊಡುವ ಕೈ ಒಳ್ಳೆಯದೇ ಇರಬೇಕು ಎಂದು ನಂಬಿ ಬೆಳೆದ ಸೀಮೆಯವರು ನಾವು. ನನಗೆ ಆ ಸೀನು ನೋಡಿ ಹೊಟ್ಟೆ ತೊಳಸಿತು. ಅಲ್ಲಿ ಯಾರೂ ಕಿರುಚುವುದಿಲ್ಲ. ತಾತನ ದೊರೆಯ ಹಾಗೆ.

ಈ ಸಿನಿಮಾ ಮಾಡಿದ್ದು ಹೇಗೆ ಅನ್ನುವುದೂ ಮುಖ್ಯ. ಸಾದಿ ಯಾಸೆಫ್ ಎಂಬಾತ ಕಸ್ಬಾದಲ್ಲಿ ಎಫ್‌ಎಲ್‌ಎನ್‌ನ ಪಡೆಗೆ ಮುಖಂಡನಾಗಿದ್ದವನು. 1957ರ ಸೆಪ್ಟೆಂಬರಿನಲ್ಲಿ ಸಿಕ್ಕಿಬಿದ್ದ, ಗಲ್ಲು ಶಿಕ್ಷೆಯಾಯಿತು, ಆಮೇಲೆ ಮಾಫಿ ಸಿಕ್ಕಿತು. ಜೈಲಿನಲ್ಲಿ ಕೂತು ತನ್ನ ನೆನಪುಗಳನ್ನು ಬರೆದ. ಸ್ವಾತಂತ್ರ್ಯ ಬಂದ ಮೇಲೆ ಅದನ್ನೇ ಸಿನಿಮಾ ಮಾಡಬೇಕೆಂದು ಹೊರಟ. ತಾನೇ ನಿರ್ಮಾಪಕ, ತನ್ನದೇ ಥರದ ಒಂದು ಪಾತ್ರವನ್ನೂ ಮಾಡಿದ. ಅಲಿಯ ಪಾತ್ರ ಮಾಡಿದ ಬ್ರಾಹಿಂ ಹಗ್ಗಿಯಾಗ್ ಅದುವರೆಗೆ ಕ್ಯಾಮೆರಾ ಮುಂದೆ ನಿಂತವನೇ ಅಲ್ಲ. ಹೆಚ್ಚು ಕಡಿಮೆ ಎಲ್ಲರೂ ಆ ಊರಿನವರೇ. ನಟನೆ ಕಲಿತವರು ಅಂತ ಇದ್ದದ್ದು ಒಬ್ಬರು, ಫ್ರೆಂಚ್ ಕರ್ನಲ್ ಮಾತ್ಯೂ ಪಾತ್ರ ಮಾಡಿದ ಜಾಂ ಮಾರ್ತಾಂ. ಆತ ನಿಜ ಜೀವನದಲ್ಲಿ ಅಲ್ಜೀರಿಯಾ ಯುದ್ಧವನ್ನೇ ವಿರೋಧಿಸಿ 1960ರಲ್ಲಿ 121 ಮಂದಿ ಹೊರಡಿಸಿದ ಹೇಳಿಕೆಗೆ ಸಹಿ ಹಾಕಿದ್ದವರು. ತಾನು ಒಪ್ಪದ ಮನುಷ್ಯನನ್ನು ಅಷ್ಟು ನಂಬುವ ಹಾಗೆ ಆಡಿ ತೋರಿಸಿದರು. ಫಿಲ್ಮನ್ನು ಒರಟು ಒರಟಾಗಿ ಕಾಣುವಂತೆ ತೊಳೆದಿದ್ದರಿಂದ ನೋಡಿದವರು ನಿಜವಾದ ನ್ಯೂಸ್‌ರೀಲ್ ಎಂದುಕೊಂಡರು. ಇದರಲ್ಲಿ ಒಂದಡಿ ನ್ಯೂಸ್‌ರೀಲ್ ಕೂಡ ಇಲ್ಲ ಎಂದು ಅಮೆರಿಕದಲ್ಲಿ ತೋರಿಸುವಾಗ ಮೊದಲೇ ಬರೆದು ಹಾಕಬೇಕಾಯಿತು.

ಈಗ ಇದನ್ನು ಲೋಕ ಹೇಗೆ ನೋಡಿತು ಎಂಬ ವಿಷಯಕ್ಕೆ ಬರುತ್ತೇನೆ.

1966ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಇದಕ್ಕೆ ಅಲ್ಲಿನ ದೊಡ್ಡ ಪ್ರಶಸ್ತಿ ಗೋಲ್ಡನ್ ಲಯನ್ ಬಂತು. ಫ್ರಾನ್ಸಿನ ನಿಯೋಗ ಸಿಟ್ಟಾಗಿ ಬಹಿಷ್ಕಾರ ಹಾಕಿತು. ಆಸ್ಕರ್‌ಗೆ ಒಮ್ಮೆ ವಿದೇಶಿ ಚಿತ್ರವಾಗಿ ಹೆಸರು ಹೋಯಿತು, ಎರಡು ವರ್ಷ ಬಿಟ್ಟು ನಿರ್ದೇಶನಕ್ಕೂ ಚಿತ್ರಕಥೆಗೂ ಮತ್ತೆ ಹೋಯಿತು. ಫ್ರಾನ್ಸಿನಲ್ಲಿ ಮಾತ್ರ ವರ್ಷಗಟ್ಟಲೆ ತೋರಿಸಲೇ ಇಲ್ಲ. 1970ರ ಸುಮಾರಿಗೆ ಪರವಾನಗಿ ಸಿಕ್ಕಿದರೂ ಬೆದರಿಕೆಗಳಿಗೆ ಹೆದರಿ ಥಿಯೇಟರಿನವರು ಹಿಂದೆ ಸರಿದರು. ಆಮೇಲೆ ತೋರಿಸಿದ ಕಡೆ ಗಲಾಟೆಯೂ ಆಯಿತು. ಯಾಕೆ ಅಷ್ಟು ಭಯ? ಸೋತ ಯುದ್ಧದ ಗಾಯ ಒಂದು. ಇನ್ನೊಂದು, ಚಿತ್ರಹಿಂಸೆ. ತಮ್ಮ ಸೇನೆ ಹಾಗೆ ಮಾಡಿತ್ತು ಎಂದು ಪರದೆಯ ಮೇಲೆ ನೋಡಲು ಅವರಿಗೆ ಆಗಲಿಲ್ಲ.

ಬಲಪಂಥದವರು ಇದು ಭಯೋತ್ಪಾದಕರ ಪ್ರಚಾರ ಎಂದರು. ಸರಿ, ಅವರಿಂದ ಬೇರೆ ಮಾತು ಬರುವುದಿಲ್ಲ. ನನಗೆ ಹೆಚ್ಚು ಕುತೂಹಲ ಇರುವುದು ಎಡಗಡೆಯಿಂದ ಬಂದ ಆಕ್ಷೇಪದ ಬಗ್ಗೆ. ಕರ್ನಲ್ ಮಾತ್ಯೂ ತುಂಬಾ ಚೆನ್ನಾಗಿದ್ದಾನೆ, ತುಂಬಾ ಬುದ್ಧಿವಂತ, ನೋಡುವವರು ಅವನನ್ನೇ ಮೆಚ್ಚಿಬಿಡುತ್ತಾರೆ, ವಸಾಹತುಶಾಹಿಗೆ ಇಷ್ಟು ಗೌರವ ಯಾಕೆ ಎಂದು ಕೇಳಿದವರಿದ್ದಾರೆ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ನನ್ನ ಜಗಳ ಇರುವುದು ಇವರ ಜೊತೆಗೇ.

ಮಾತ್ಯೂ ಯಾರೋ ಒಬ್ಬ ನಿಜವಾದ ವ್ಯಕ್ತಿಯಲ್ಲ. ಅಲ್ಲಿದ್ದ ಹಲವು ಫ್ರೆಂಚ್ ಅಧಿಕಾರಿಗಳನ್ನು ಸೇರಿಸಿ ಮಾಡಿದ ಪಾತ್ರ. ಅವನು ಕಪ್ಪು ಹಲಗೆಯ ಮುಂದೆ ನಿಂತು ತ್ರಿಕೋನ ಬರೆಯುತ್ತಾನೆ. ಈ ಸಂಘಟನೆಯಲ್ಲಿ ಒಬ್ಬನಿಗೆ ಇಬ್ಬರು ಮೂವರು ಬಿಟ್ಟು ಬೇರೆ ಯಾರ ಹೆಸರೂ ಗೊತ್ತಿರುವುದಿಲ್ಲ, ಆದ್ದರಿಂದ ಸಿಕ್ಕಿದವನನ್ನು ಬೇಗ ಬಾಯಿಬಿಡಿಸಬೇಕು ಎಂದು ಮೇಷ್ಟ್ರ ಹಾಗೆ ವಿವರಿಸುತ್ತಾನೆ. ಲಾಡಿಹುಳುವಿಗೆ ಹೋಲಿಸುತ್ತಾನೆ, ತಲೆ ಕೀಳದಿದ್ದರೆ ಮತ್ತೆ ಬೆಳೆಯುತ್ತದೆ ಎಂದು. ಪತ್ರಕರ್ತರು ಚಿತ್ರಹಿಂಸೆಯ ಬಗ್ಗೆ ಕೇಳಿದಾಗ ಸಿಟ್ಟು ಮಾಡಿಕೊಳ್ಳುವುದಿಲ್ಲ. ನಮ್ಮನ್ನು ನಾಜಿಗಳು ಎನ್ನುತ್ತೀರಿ, ನಮ್ಮಲ್ಲಿ ನಾಜಿಗಳ ಸೆರೆಶಿಬಿರದಿಂದ ಬದುಕಿ ಬಂದವರಿದ್ದಾರೆ ಎನ್ನುತ್ತಾನೆ. ಆಮೇಲೆ ಪ್ರಶ್ನೆಯನ್ನು ಅವರ ಕಡೆಗೇ ತಿರುಗಿಸುತ್ತಾನೆ. ಅಲ್ಜೀರಿಯಾ ಫ್ರಾನ್ಸಿನದ್ದಾಗಿಯೇ ಇರಬೇಕಾ, ಹೇಳಿ. ಹೌದು ಅನ್ನುವುದಾದರೆ ಅದಕ್ಕೆ ಬೇಕಾದದ್ದನ್ನೆಲ್ಲ ಒಪ್ಪಿಕೊಳ್ಳಿ.

ಪತ್ರಕರ್ತರು ಸುಮ್ಮನಾಗುತ್ತಾರೆ. ಥಿಯೇಟರಿನಲ್ಲಿ ಕೂತ ನಾವೂ ಸುಮ್ಮನಾಗುತ್ತೇವೆ.

ಈಗ ಹೇಳಿ, ಆ ಜಾಗದಲ್ಲಿ ಮೀಸೆ ತಿರುವುತ್ತಾ ಕಿರುಚುವ ಒಬ್ಬ ರಾಕ್ಷಸ ಇದ್ದಿದ್ದರೆ ಏನಾಗುತ್ತಿತ್ತು? ಕೆಟ್ಟವನೊಬ್ಬ ಬಂದಿದ್ದ, ಕೆಟ್ಟ ಕೆಲಸ ಮಾಡಿದ, ಅವನು ಹೋದ, ಕಥೆ ಮುಗಿಯಿತು ಎಂದು ನಾವೆಲ್ಲ ಎದ್ದು ಬರುತ್ತಿದ್ದೆವು. ಮಾತ್ಯೂ ಕೆಟ್ಟವನಲ್ಲ ಅನ್ನುವುದೇ ಇಲ್ಲಿ ಎದೆಗೆ ಚುಚ್ಚುವುದು. ಓದಿದವನು, ಸಭ್ಯ, ತನ್ನ ದೇಶದ ಸ್ವಾತಂತ್ರ್ಯಕ್ಕೆ ಹೋರಾಡಿದವನು. ಅಂಥವನು ಇನ್ನೊಬ್ಬರ ದೇಶದಲ್ಲಿ ಮನುಷ್ಯರನ್ನು ತಲೆಕೆಳಗೆ ನೇತುಹಾಕಿಸುತ್ತಾನೆ. ಮನುಷ್ಯ ಎಷ್ಟೇ ಒಳ್ಳೆಯವನಾದರೂ ಆ ಕುರ್ಚಿಯಲ್ಲಿ ಕೂತರೆ ಮಾಡುವ ಕೆಲಸ ಅದೇ ಎಂದು ಸಿನಿಮಾ ತೋರಿಸುತ್ತದೆ. ವಸಾಹತುಶಾಹಿಯನ್ನು ಇದಕ್ಕಿಂತ ಗಟ್ಟಿಯಾಗಿ ಬೈಯಲು ಸಾಧ್ಯವೇ? ಮತ್ತೆ, ಇಂಥ ಬುದ್ಧಿವಂತನ ಎದುರು ನಿಂತ ಕಸ್ಬಾದ ಓದುಬರಹವಿಲ್ಲದ ಹುಡುಗ ಅಲಿ ಎಷ್ಟು ದೊಡ್ಡವನಾಗಿ ಕಾಣುತ್ತಾನೆ! ಪೆದ್ದನನ್ನು ಗೆಲ್ಲುವುದರಲ್ಲಿ ಏನಿದೆ?

ಇನ್ನೊಂದು ಸೀನು. ಬಾಂಬ್ ಇಡಲು ಹೋದ ಹೆಂಗಸು ಹೋಟೆಲಿನಲ್ಲಿ ಕೂತು ಸುತ್ತ ನೋಡುತ್ತಾಳೆ. ಕ್ಯಾಮೆರಾ ಅವಳ ಕಣ್ಣಿನ ಜೊತೆಗೇ ಹೋಗುತ್ತದೆ. ಹರಟೆ ಹೊಡೆಯುತ್ತಿರುವ ಹುಡುಗರು, ಐಸ್‌ಕ್ರೀಂ ನೆಕ್ಕುತ್ತಿರುವ ಒಂದು ಮಗು. ಇವರೆಲ್ಲ ಇನ್ನು ಸ್ವಲ್ಪ ಹೊತ್ತಿಗೆ ಸಾಯುತ್ತಾರೆ ಎಂದು ಅವಳಿಗೆ ಗೊತ್ತು, ನಮಗೂ ಗೊತ್ತು. ನಮ್ಮ ಕಡೆಯವಳು ಮಾಡುವ ಕೆಲಸ ಎಂದು ಅದನ್ನು ಮುಚ್ಚಿಡುವುದಿಲ್ಲ. ಕಸ್ಬಾದ ಅವಶೇಷದಿಂದ ಹೆಣ ತೆಗೆಯುವಾಗ ಒಂದು ಸಂಗೀತ ಬರುತ್ತದೆ, ಫ್ರೆಂಚರ ಹೋಟೆಲಿನ ಹೆಣಗಳ ಮೇಲೂ ಅದೇ ಸಂಗೀತ. ಎನ್ನಿಯೊ ಮೊರಿಕೋನೆ ಮತ್ತು ನಿರ್ದೇಶಕ ಇಬ್ಬರೂ ಸೇರಿ ಮಾಡಿದ ಸಂಗೀತ ಅದು. ನನಗೆ ಇಡೀ ಸಿನಿಮಾದಲ್ಲಿ ಅತ್ಯಂತ ಧೈರ್ಯದ ಕೆಲಸ ಇದೇ ಅನ್ನಿಸುತ್ತದೆ. ಹಾಗೆಂದು ಸಿನಿಮಾ ನಡುವಿನಲ್ಲಿ ಕೂತು ತಕ್ಕಡಿ ಹಿಡಿದಿಲ್ಲ. ಅದು ಅಲ್ಜೀರಿಯಾದ ಪಕ್ಷವೇ, ಅದರಲ್ಲಿ ಅನುಮಾನ ಬೇಡ. ಒಂದು ಪಕ್ಷದಲ್ಲಿ ನಿಂತುಕೊಂಡೇ ಎದುರಿನವರ ಸಾವಿಗೂ ಅಳಬಹುದು ಅನ್ನುತ್ತದೆ.

ಈ ನಿರ್ದೇಶಕ ಹೀಗೆ ಎಚ್ಚರವಾಗಿದ್ದದ್ದಕ್ಕೆ ಒಂದು ವಿಮರ್ಶೆಯೂ ಕಾರಣ ಇರಬಹುದಾ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಇದು ನನ್ನ ಊಹೆ. ಇದಕ್ಕೂ ಮುಂಚೆ 1960ರಲ್ಲಿ ಆತ 'ಕಾಪೊ' ಎಂಬ ಸಿನಿಮಾ ಮಾಡಿದ್ದರು, ನಾಜಿ ಶಿಬಿರದ ಕಥೆ. ಅದರಲ್ಲಿ ಒಬ್ಬ ಹೆಂಗಸು ವಿದ್ಯುತ್ ಬೇಲಿಗೆ ಬಿದ್ದು ಸಾಯುತ್ತಾಳೆ. ಕ್ಯಾಮೆರಾ ಅವಳ ಹತ್ತಿರಕ್ಕೆ ಸಾಗಿ, ಎತ್ತಿದ ಕೈ ಚೌಕಟ್ಟಿನ ಮೂಲೆಯಲ್ಲಿ ಅಂದವಾಗಿ ಕೂರುವಂತೆ ನಿಲ್ಲುತ್ತದೆ. ಫ್ರಾನ್ಸಿನ ವಿಮರ್ಶಕ ಜಾಕ್ ರಿವೆಟ್ 1961ರಲ್ಲಿ ಆ ಒಂದೇ ಒಂದು ಶಾಟ್ ಹಿಡಿದು ಕಟುವಾಗಿ ಬರೆದರು. ಸಾವನ್ನು ಚೆಂದ ಮಾಡಿ ತೋರಿಸುವುದು ನೀಚ ಕೆಲಸ ಎಂಬುದು ಅವರ ವಾದ. ಆ ಲೇಖನದ ಬಗ್ಗೆ ಜನ ಇವತ್ತಿಗೂ ಮಾತಾಡುತ್ತಾರೆ. ವಿಮರ್ಶೆ ಅಂದರೆ ಹಾಗಿರಬೇಕು. ನಾಲ್ಕು ಸ್ಟಾರ್, ಮೂರೂವರೆ ಸ್ಟಾರ್ ಎಂದು ಕೊಟ್ಟು ಕೈತೊಳೆದುಕೊಳ್ಳುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಒಂದು ಶಾಟ್, ಒಂದು ಕೈ, ಕ್ಯಾಮೆರಾ ಯಾಕೆ ಅಲ್ಲಿ ನಿಂತಿತು, ಅಷ್ಟು ಸಾಕು.

ಸಿನಿಮಾವನ್ನು ಸರ್ಕಾರಗಳು ನೋಡಿದ ರೀತಿಯೇ ಬೇರೆ. ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯವರ ಮೇಲೆ ನ್ಯೂಯಾರ್ಕಿನಲ್ಲಿ ಕೇಸು ನಡೆದಾಗ ಸರ್ಕಾರಿ ವಕೀಲರು ಇದೇ ಸಿನಿಮಾವನ್ನು ಕೋರ್ಟಿನಲ್ಲಿ ತೋರಿಸಿದರು, ಇವರು ಇದನ್ನು ನೋಡಿ ಕಲಿತರು ಎಂದು. 1971ರಲ್ಲಿ ಎಲ್ಲರೂ ಖುಲಾಸೆಯಾದರು. 2003ರ ಆಗಸ್ಟಿನಲ್ಲಿ, ಇರಾಕಿಗೆ ನುಗ್ಗಿ ಕೆಲವೇ ತಿಂಗಳಾಗಿದ್ದಾಗ, ಅಮೆರಿಕದ ಸೇನಾ ಕಚೇರಿ ಪೆಂಟಗನ್‌ನಲ್ಲೂ ಇದರ ಪ್ರದರ್ಶನ ಆಯಿತು. ಭಯೋತ್ಪಾದನೆಯ ವಿರುದ್ಧದ ಕಾಳಗ ಗೆದ್ದು ವಿಚಾರದ ಯುದ್ಧ ಸೋಲುವುದು ಹೇಗೆ ಎಂಬ ಅರ್ಥದ ಮಾತು ಕರಪತ್ರದಲ್ಲಿತ್ತು. ಬಂಡಾಯಗಾರರೂ ಪಾಠ ಎಂದು ನೋಡಿದರು, ಬಂಡಾಯ ಅಡಗಿಸುವವರೂ ಪಾಠ ಎಂದು ನೋಡಿದರು. ಎರಡೂ ಕಡೆಗೆ ಬುದ್ಧಿ ಇದೆ ಎಂದು ಸಿನಿಮಾ ಒಪ್ಪಿಕೊಂಡಿದ್ದರಿಂದಲೇ ಅಲ್ವಾ ಇದು ಆದದ್ದು?

ಇನ್ನು, ಇದು ಪ್ರಚಾರ, ಉತ್ಪ್ರೇಕ್ಷೆ ಎಂದಿದ್ದವರ ಕಥೆ ಏನಾಯಿತು? ಸಿನಿಮಾದಲ್ಲಿ ಲಾರ್ಬಿ ಬೆನ್ ಮ್ಹಿದಿ ಎಂಬ ನಾಯಕ ಬರುತ್ತಾನೆ. ಹೆಂಗಸರ ಬುಟ್ಟಿಯಲ್ಲಿ ಬಾಂಬ್ ಇಟ್ಟು ಕಳಿಸುವುದು ಹೇಡಿತನ ಅಲ್ಲವೇ ಎಂದು ಪತ್ರಕರ್ತರು ಕೇಳಿದಾಗ, ನಿಮ್ಮ ಬಾಂಬರ್ ವಿಮಾನ ನಮಗೆ ಕೊಡಿ, ನಮ್ಮ ಬುಟ್ಟಿ ನೀವು ತಗೊಳ್ಳಿ ಎಂಬರ್ಥದ ಉತ್ತರ ಕೊಡುತ್ತಾನೆ. ನಿಜ ಜೀವನದಲ್ಲಿ ಆತ 1957ರ ಮಾರ್ಚ್‌ನಲ್ಲಿ ಸೇನೆಯ ವಶದಲ್ಲಿದ್ದಾಗಲೇ ಸತ್ತ. ಆತ್ಮಹತ್ಯೆ ಎಂದರು. 2001ರಲ್ಲಿ ಫ್ರೆಂಚ್ ಜನರಲ್ ಪಾಲ್ ಒಸ್ಸಾರೆಸ್ ಪುಸ್ತಕ ಬರೆದು, ಅವನನ್ನು ನೇಣಿಗೆ ಹಾಕಿಸಿದ್ದು ನಾವೇ ಎಂದು ಒಪ್ಪಿಕೊಂಡ. ಫ್ರಾನ್ಸಿನ ಅಧ್ಯಕ್ಷರು ಅಧಿಕೃತವಾಗಿ ಒಪ್ಪಿಕೊಂಡದ್ದು 2024ರ ನವೆಂಬರ್ 1ಕ್ಕೆ. ಸಿನಿಮಾ ಬಂದು ಐವತ್ತೆಂಟು ವರ್ಷದ ಮೇಲೆ! ಆ ಹೊತ್ತಿಗೆ ನಿರ್ದೇಶಕರೂ ಬದುಕಿರಲಿಲ್ಲ, ಸಾದಿ ಯಾಸೆಫ್ ಕೂಡ ಬದುಕಿರಲಿಲ್ಲ. ಒಂದು ಸಿನಿಮಾಕ್ಕೆ ಉತ್ಪ್ರೇಕ್ಷೆ ಎಂದು ಹಣೆಪಟ್ಟಿ ಹಚ್ಚುವ ಮೊದಲು ನಾವು ಎಷ್ಟು ಕಾಯಬೇಕು ನೋಡಿ.

ಹಾಗಂತ ಸಿನಿಮಾದಲ್ಲಿ ಕೊರತೆ ಇಲ್ಲ ಎಂದಲ್ಲ. ಹಳ್ಳಿಗಾಡಿನಲ್ಲಿ ನಡೆದ ಯುದ್ಧ ಇದರಲ್ಲಿ ಇಲ್ಲವೇ ಇಲ್ಲ. ಅಲ್ಜೀರಿಯಾದವರೇ ತಮ್ಮೊಳಗೆ ಬಣ ಕಟ್ಟಿಕೊಂಡು ಒಬ್ಬರನ್ನೊಬ್ಬರು ಕೊಂದುಕೊಂಡದ್ದನ್ನೂ ಇದು ಹೇಳುವುದಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಆ ಹೆಂಗಸರ ವಿಷಯ. ಕನ್ನಡಿ ಮುಂದೆ ಕೂದಲು ಕತ್ತರಿಸಿಕೊಳ್ಳುವ ಸೀನು ಅದ್ಭುತವಾಗಿದೆ, ಹಿಂದೆ ಬರೀ ಡೋಲಿನ ಸದ್ದು. ಆದರೆ ಅವರಿಗೆ ಮಾತೇ ಇಲ್ಲ. ನಿಜ ಜೀವನದಲ್ಲಿ ಬಾಂಬ್ ಇಟ್ಟವರಲ್ಲಿ ಒಬ್ಬರಾದ ಜೊಹ್ರಾ ದ್ರಿಫ್ ಕಾನೂನು ಓದುತ್ತಿದ್ದ ಹುಡುಗಿ. ತಾನು ಯಾಕೆ ಹೀಗೆ ಮಾಡಿದೆ ಎಂದು ಆಕೆಯೇ ಹೇಳಬಲ್ಲವರಾಗಿದ್ದರು. ಕರ್ನಲ್‌ಗೆ ಅಷ್ಟು ಮಾತು ಕೊಟ್ಟವರು ಇವರಿಗೆ ನಾಲ್ಕು ವಾಕ್ಯ ಕೊಡಬಹುದಿತ್ತು.

ಸರಿ, ನಮ್ಮ ಊರಿಗೆ ಬರೋಣ.

ಕಿತ್ತೂರಿನ ಕಥೆ ನಿಮಗೆಲ್ಲ ಗೊತ್ತು. 1961ರಲ್ಲೇ ಬಿ.ಆರ್. ಪಂತುಲು ಅದನ್ನು ಸಿನಿಮಾ ಮಾಡಿದರು, ಬಿ. ಸರೋಜಾದೇವಿ ಚೆನ್ನಮ್ಮ. ಅವರ ದನಿ, ನಿಲುವು ಇವತ್ತಿಗೂ ನಮ್ಮ ಕಣ್ಣಲ್ಲಿ ಚೆನ್ನಮ್ಮನ ಮುಖವೇ ಆಗಿ ಕೂತಿದೆ. 2012ರಲ್ಲಿ ರಾಯಣ್ಣನ ಸಿನಿಮಾ ಬಂತು, ಥಿಯೇಟರುಗಳು ತುಂಬಿದವು. ಇವುಗಳಿಂದ ಎಷ್ಟೋ ಮಕ್ಕಳು ಆ ಹೆಸರುಗಳನ್ನು ಕಲಿತರು, ಅದು ಸಣ್ಣ ವಿಷಯವಲ್ಲ. ನಾನು ಹೇಳುವುದು ಇನ್ನೂ ಹೇಳದೆ ಉಳಿದಿರುವುದರ ಬಗ್ಗೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಅವನ ಜೊತೆಗಿದ್ದ ಇಬ್ಬರು ಅಧಿಕಾರಿಗಳು, ಸ್ಟೀವನ್‌ಸನ್ ಮತ್ತು ಎಲಿಯಟ್, ಸೆರೆಯಾದರು. ಚೆನ್ನಮ್ಮ ಅವರನ್ನು ಕೊಲ್ಲಲಿಲ್ಲ, ಕೆಲವು ವಾರದ ಮೇಲೆ ಬಿಟ್ಟುಬಿಟ್ಟರು. ಈ ವಾಲ್ಟರ್ ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಮುಂದೆ ಅವನು ಏನು ಮಾಡಿದ ಗೊತ್ತಾ? ಊರೂರು ತಿರುಗಿ ನೂರಾರು ಕನ್ನಡ ಶಾಸನಗಳನ್ನು ಪ್ರತಿ ಮಾಡಿಸಿದ, ಚಾಲುಕ್ಯರ ಇತಿಹಾಸದ ಬಗ್ಗೆ ಬರೆದ. ನಮ್ಮ ಶಾಸನಗಳ ಅಧ್ಯಯನಕ್ಕೆ ಮೊದಲು ಕೈ ಹಾಕಿದವರಲ್ಲಿ ಕಿತ್ತೂರಿನ ಕೈದಿಯೂ ಒಬ್ಬ.

ಒಂದು ಕ್ಷಣ ಯೋಚನೆ ಮಾಡಿ. ಕಿತ್ತೂರಿನ ಕೋಟೆಯೊಳಗೆ ಆ ಹುಡುಗ ಕೂತಿದ್ದಾನೆ. ಹೊರಗೆ ಕಾವಲಿನವರು ಕನ್ನಡದಲ್ಲಿ ಮಾತಾಡುತ್ತಿದ್ದಾರೆ. ಇವತ್ತು ರಾತ್ರಿ ನನ್ನನ್ನು ಕೊಲ್ಲುತ್ತಾರಾ ಎಂದು ಕಿವಿಕೊಟ್ಟು ಕೇಳುತ್ತಿದ್ದಾನೆ. ಎಂಥಾ ಸೀನು! ಅವನನ್ನು ಜೀವಂತ ಬಿಟ್ಟ ಚೆನ್ನಮ್ಮ ಇನ್ನೆಷ್ಟು ಎತ್ತರಕ್ಕೆ ಹೋಗುತ್ತಾರೆ! ಅವರನ್ನೇ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಸಾಯುವಂತೆ ಮಾಡಿದ ಕಂಪನಿ ಸರ್ಕಾರ ಇನ್ನೆಷ್ಟು ಕೆಳಕ್ಕೆ ಇಳಿಯುತ್ತದೆ!

ಇನ್ನೂ ಹತ್ತಿರ ಬರುತ್ತೇನೆ, ನಮ್ಮ ಸಕಲೇಶಪುರಕ್ಕೆ. ಮಂಜರಾಬಾದ್ ಕೋಟೆಗೆ ನಕ್ಷತ್ರದ ಆಕಾರ ಎಂದು ಡ್ರೋನ್ ಹಾರಿಸಿ ಫೋಟೋ ತೆಗೆಯುವವರು ಸಾವಿರ ಜನ. ಅಲ್ಲೇ ಸುತ್ತಲಿನ ಸೀಮೆಗೆ ಬಲಂ ಎಂದು ಹೆಸರಿತ್ತು. ಐಗೂರಿನ ಪಾಳೇಗಾರ ಕೃಷ್ಣಪ್ಪ ನಾಯಕ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಕಂಪನಿಗೆ ತಲೆಬಾಗಲಿಲ್ಲ. ಶ್ರೀರಂಗಪಟ್ಟಣದಿಂದ ಮಂಗಳೂರಿಗೆ ಹೋಗುವ ಘಾಟಿ ದಾರಿ ಅವನ ಕೈಲಿತ್ತು. 1800ರಲ್ಲಿ ಮೊದಲು ಹೋದ ಪಡೆ ಅರೆಕೆರೆಯ ಕಾಡಿನಲ್ಲಿ ಪೆಟ್ಟು ತಿಂದು ವಾಪಸ್ ಬಂತು. ಕೊನೆಗೆ 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯೇ ಬರಬೇಕಾಯಿತು. ಹೌದು, ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಫೆಬ್ರವರಿಯಲ್ಲಿ ಕೃಷ್ಣಪ್ಪ ನಾಯಕ ಸಿಕ್ಕ, ಗಲ್ಲಿಗೆ ಹಾಕಿದರು.

ಈ ವೆಲ್ಲೆಸ್ಲಿ 1800ರಲ್ಲಿ ಕಂಪನಿಯ ವಿರುದ್ಧ ತಿರುಗಿಬಿದ್ದಿದ್ದ ನಮ್ಮ ಚನ್ನಗಿರಿಯ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿ ಕೊಂದವನು. ಧೋಂಡಿಯಾ ಸತ್ತಾಗ ಅವನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ಆ ಮಗುವನ್ನು ವೆಲ್ಲೆಸ್ಲಿ ತಾನೇ ನೋಡಿಕೊಂಡ, ದೇಶ ಬಿಟ್ಟು ಹೋಗುವಾಗ ಅವನ ಖರ್ಚಿಗೆ ದುಡ್ಡು ಇಟ್ಟು ಹೋದ. ಅಪ್ಪನನ್ನು ಕೊಂದು ಮಗನನ್ನು ಸಾಕಿದ ಅದೇ ಮನುಷ್ಯ, ಎರಡು ವರ್ಷ ಆಗುವುದರೊಳಗೆ ನಮ್ಮ ಮಲೆನಾಡಿನಲ್ಲಿ ಒಬ್ಬ ನಾಯಕನ ಕೊರಳಿಗೆ ಹಗ್ಗ ಹಾಕಿಸುತ್ತಾನೆ. ಐಗೂರಿನ ಸಿನಿಮಾ ಯಾರಾದರೂ ಮಾಡಿದರೆ, ದಯವಿಟ್ಟು ಈ ವೆಲ್ಲೆಸ್ಲಿಯನ್ನು ತೋರಿಸಿ. ಕುದುರೆಯಿಂದ ಬೀಳುವ ವೆಲ್ಲೆಸ್ಲಿ ಬೇಡ.

ಗೆದ್ದವರ ಕಾಗದಪತ್ರವೇ ನಮಗೆ ಹೆಚ್ಚಾಗಿ ಉಳಿದಿರುವುದು, ಅದು ನಿಜ. ಸೋತವರ ಹೋರಾಟಕ್ಕೆ ಹೆಸರಿಡುವವರೂ ಗೆದ್ದವರೇ. 1837ರಲ್ಲಿ ಸುಳ್ಯದಿಂದ ಹೊರಟು ಮಂಗಳೂರನ್ನೇ ಕೆಲವು ದಿನ ಹಿಡಿದಿಟ್ಟ ದೊಡ್ಡ ದಂಗೆಗೆ 'ಕಲ್ಯಾಣಪ್ಪನ ಕಾಟಕಾಯಿ' ಎಂದೇ ಹೆಸರು ಉಳಿಯಿತು. ಕಾಟ ಕೊಟ್ಟರು ಎನ್ನುವ ಹಾಗೆ. ಆದ್ದರಿಂದ ಲಾವಣಿ, ಗೀಗೀ ಪದ, ಊರಿನ ನೆನಪು ಇವೆಲ್ಲ ಸಿನಿಮಾಕ್ಕೆ ಬರಲೇಬೇಕು. ಅದು ಬಂದ ಕೂಡಲೇ ದಾಖಲೆ ಎಲ್ಲಿ ಎಂದು ಎಗರಿ ಬೀಳುವ ವಿಮರ್ಶಕರನ್ನು ನಾನು ಒಪ್ಪುವುದಿಲ್ಲ. ಆದರೆ ನಮ್ಮವನ ಕಡೆಗೆ ಲಾವಣಿ ಹಾಡುವಾಗ ಎದುರಿನವನನ್ನು ಗೊಂಬೆ ಮಾಡಬೇಡಿ, ಅಷ್ಟೇ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ರಿಟೈರ್ ಆದ ಮೇಷ್ಟ್ರೊಬ್ಬರು ಕೇಳಿದರು: "ಶತ್ರುವನ್ನು ಅಷ್ಟು ದೊಡ್ಡವನಾಗಿ ತೋರಿಸಿದರೆ ಮಕ್ಕಳು ಅವನನ್ನೇ ಮೆಚ್ಚಿಬಿಟ್ಟರೆ ಏನು ಗತಿ?" ನಾನು ಹೇಳಿದೆ, ಮೇಷ್ಟ್ರೇ, ಇದು ನಮಗೆ ಹೊಸದಲ್ಲ. ರನ್ನ ದುರ್ಯೋಧನನನ್ನು ಎಷ್ಟು ದೊಡ್ಡ ಮನುಷ್ಯನನ್ನಾಗಿ ಮಾಡಿದ! ತೊಡೆ ಮುರಿಯಿಸಿಕೊಂಡು ಬಿದ್ದವನಿಗಾಗಿ ಸಾವಿರ ವರ್ಷದಿಂದ ಕನ್ನಡದವರು ಅಳುತ್ತಿದ್ದೇವೆ. ಅದರಿಂದ ಭೀಮ ಏನೂ ಸಣ್ಣವನಾಗಲಿಲ್ಲ. ನಮ್ಮ ಹಾಸನ, ಮಂಡ್ಯದ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ಯಾವ ಪಾರ್ಟಿಗೆ ಜಾಸ್ತಿ ದುಡ್ಡು ಕಟ್ಟಬೇಕು ಹೇಳಿ? ಕೃಷ್ಣನನ್ನು ಬಿಟ್ಟರೆ ದುರ್ಯೋಧನನಿಗೇ ಅಲ್ವಾ? ಜನ ದುಡ್ಡು ಕಟ್ಟಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕಂದಪದ್ಯ ಕಲಿತು ಆ ಪಾರ್ಟು ಮಾಡುತ್ತಾರೆ.

ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಪಂಚೆ, ಹೆಗಲ ಮೇಲೆ ಟವೆಲ್, ಚನ್ನರಾಯಪಟ್ಟಣದ ಕಡೆಯವರು. ಮೂರು ಸಲ ದುರ್ಯೋಧನನ ಪಾರ್ಟು ಮಾಡಿದ್ದಾರಂತೆ. "ಸಾರ್, ಭೀಮನ ಪಾರ್ಟು ನಮ್ಮ ತಮ್ಮಂದು. ಅವನು ಸರಿಯಾಗಿ ಗದೆ ಎತ್ತಲಿಲ್ಲ ಅಂದ್ರೆ ನಂಗೆ ಬೀಳಕ್ಕೇ ಮನಸ್ಸು ಬರಲ್ಲ" ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಅವರು ಕೂರಲಿಲ್ಲ. "ಐಗೂರು ನಾಯಕರದ್ದು ನಾಟಕ ಆದ್ರೂ ಸರಿ, ಸಿನಿಮಾ ಆದ್ರೂ ಸರಿ, ಆ ದೊರೆ ಪಾರ್ಟು ನಂಗೇ ಇರಲಿ. ಎಷ್ಟು ಕಟ್ಟಬೇಕು ಹೇಳಿ, ಕಟ್ತೀನಿ" ಎಂದು ಹೇಳಿ, ಟವೆಲ್ ಸರಿಮಾಡಿಕೊಂಡು ಉತ್ತರಕ್ಕೆ ಕಾಯುತ್ತಾ ನಿಂತರು.